ಕಾಶಿನಾಥ್ ಸಿನಿಮಾ ನೋಡಿ ನಿಮಗೆ ಖರೇನ ನಗು ಬರ್ತದಾ?

ಈ ಪ್ರಶ್ನೆ ನನಗೆ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಸೂಪರ್ ಮಾರ್ಕೆಟ್ ಕಡೆ ಸುಸಲಾ ಮಿರ್ಚಿ ತಿನ್ನುತ್ತ ನಿಂತಾಗಲೂ ಎದುರಾಗುತ್ತದೆ. "ಮೇಡಂ, ಹೆಣ್ಮಕ್ಕಳಾಗಿ ನೀವು ಆ ಡಬಲ್ ಮೀನಿಂಗ್ ಹೆಂಗ ನೋಡ್ತೀರಿ?" ಅಂತ ಕೆಲವರು. "ಅದರಾಗ ನಗೂದು ಏನದರೀ?" ಅಂತ ಇನ್ನು ಕೆಲವರು. ಕಲಬುರಗಿಯ ನನ್ನ ಗೆಳೆಯರ ಬಳಗದಲ್ಲೇ ಎರಡು ಪಕ್ಷಗಳಿವೆ. ಒಂದು ಪಕ್ಷಕ್ಕೆ ಕಾಶಿನಾಥ್ ಅಂದ್ರೆ ಪ್ರಾಣ. ಇನ್ನೊಂದು ಪಕ್ಷಕ್ಕೆ ಅವರು ಕನ್ನಡ ಸಿನಿಮಾದ ಮಾನ ಕಳೆದವರು.

ನನಗೆ ನಗು ಬರುತ್ತದೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆದರೆ ಎಲ್ಲ ಕಡೆ ಅಲ್ಲ.

ಕುಂದಾಪುರ ಕಡೆಯ ಈ ನಟ-ನಿರ್ದೇಶಕ ಮೊದಲು ಹೆಸರು ಮಾಡಿದ್ದು 1978ರ 'ಅಪರಿಚಿತ' ಎಂಬ ಸಸ್ಪೆನ್ಸ್ ಚಿತ್ರದಿಂದ. ಜಗಳ ಶುರುವಾಗಿದ್ದು 1984ರ 'ಅನುಭವ'ದಿಂದ. ಮದುವೆ ಅಂದರೆ ಏನು ಅಂತ ಇನ್ನೂ ತಿಳಿಯದ ಹುಡುಗಿ, ಆತುರದ ಗಂಡ, ನಡುವೆ ಉಮಾಶ್ರೀ ಮಾಡಿದ ಪಾತ್ರ. ಆಗ ಅದನ್ನು ಮನೆಯಲ್ಲಿ ಬಾಯಿ ಬಿಟ್ಟು ಹೇಳಿಕೊಂಡು ನೋಡಲು ಹೋದವರು ಕಡಿಮೆ. ಆದರೂ ನೋಡಿದವರು ಬಹಳ.

ಆ ಕಾಲದ ಹೀರೋಗಳನ್ನು ನೆನಪು ಮಾಡಿಕೊಳ್ಳಿ. ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಶ್. ಪರದೆ ಮೇಲೆ ಬಂದರೆ ಸಾಕು, ಸೀಟಿ. ಅವರ ನಡುವೆ ಈ ಸಣಕಲು ಆಸಾಮಿ. ಆಫೀಸಿನ ಗುಮಾಸ್ತನ ಹಾಗೆ ಕಾಣುತ್ತಾರೆ. ಹೊಡೆದಾಟ ಬರಲ್ಲ, ಧೈರ್ಯ ಮೊದಲೇ ಇಲ್ಲ. ಮುಖದಲ್ಲಿ ಒಂದು ನಗುವೂ ಇಲ್ಲದೆ, ಮನಸ್ಸಿನಲ್ಲಿರುವ ಆಸೆಯನ್ನು ಮುಚ್ಚಿಡಲು ಹೋಗಿ ಸಿಕ್ಕಿಬೀಳುತ್ತಾರೆ. ಗಂಡಸಿನ ಆಸೆ, ಅಂಜಿಕೆ, ಪುಕ್ಕಲುತನ ಇವನ್ನು ಇಷ್ಟು ಬಿಚ್ಚಿಟ್ಟ ಕನ್ನಡದ ಇನ್ನೊಬ್ಬ ಹೀರೋ ನನಗೆ ಗೊತ್ತಿಲ್ಲ. ನನ್ನ ನಗು ಇಲ್ಲಿದೆ.

ಆಳಂದ ಕಡೆಯ ನನ್ನ ಅತ್ತಿ ಒಮ್ಮೆ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತು 'ಅನುಭವ' ನೋಡಿದಳು. ತಿಳುವಳಿಕೆ ಬರುವ ಮೊದಲೇ ಮದುವೆಯಾದವಳು ಅವಳು. ನಮ್ಮ ಮನೆಯ ಗಂಡಸರು ಮಾತಿನ ಎರಡನೇ ಅರ್ಥ ಹೊಳೆದಾಗ ಕಿಸಕ್ಕಂತ ನಗುತ್ತಿದ್ದರು. ಅತ್ತಿ ಅಲ್ಲಿ ನಗಲಿಲ್ಲ. ಹೀರೋ ತಬ್ಬಿಬ್ಬಾಗಿ ಕಣ್ಣು ಕಣ್ಣು ಬಿಟ್ಟಾಗ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. "ಗಂಡಸರು ಹಿಂಗ ಅಂಜೂದು ನೋಡೂದೇ ಚಂದ" ಅಂದಳು. ಹುಡುಗಿ ಏನೂ ತಿಳಿಯದೆ ನಿಂತಾಗ ಮಾತ್ರ ಸುಮ್ಮನಾದಳು. ಒಂದೇ ಸಿನಿಮಾ, ಒಂದೇ ಕೋಣೆ. ನಗುವ ಜಾಗಗಳು ಬೇರೆ ಬೇರೆ. ಗೆಳೆಯರ ಎರಡೂ ಪಕ್ಷಗಳ ವಾದಕ್ಕಿಂತ ನನಗೆ ಅತ್ತಿಯ ನಗುವೇ ಜಾಸ್ತಿ ಹೇಳಿತು.

ಇನ್ನು ಡಬಲ್ ಮೀನಿಂಗ್ ನಮ್ಮ ಸಂಸ್ಕೃತಿ ಅಲ್ಲ ಅನ್ನುವವರು. ಅವರು ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣುಮಕ್ಕಳು ಬೀಗರ ಮೇಲೆ ಕಟ್ಟಿ ಹಾಡುವ ಹಾಡು ಕೇಳಿಲ್ಲ ಅಂತ ಕಾಣುತ್ತದೆ. ಬೀಗ ತಲೆ ಎತ್ತಬಾರದು, ಹಂಗಿರ್ತಾವೆ! ಶರಣಬಸವೇಶ್ವರ ಜಾತ್ರೆಗೆ ನಾಟಕ ಕಂಪನಿ ಟೆಂಟು ಹಾಕಿದರೆ, ಅಲ್ಲಿನ ಮಾತಿಗೆ ಚಪ್ಪಾಳೆ ಹೊಡೆಯುವವರೂ ಇದೇ ಊರಿನವರು ಅಲ್ವಾ? ಪೋಲಿ ಮಾತು ನಮಗೆ ಹೊಸದಲ್ಲ. ಮದುವೆ ಹಾಡಿನಲ್ಲಿ ನಾಲಿಗೆ ಹೆಣ್ಣುಮಕ್ಕಳದು, ಪೇಚು ಬೀಗನದು. ಕಾಶಿನಾಥ್ ಸಿನಿಮಾದಲ್ಲೂ ಪೇಚು ಗಂಡಸಿನದಾದಾಗ ನಾನು ನಗುತ್ತೇನೆ. ಕ್ಯಾಮೆರಾ ಹೆಣ್ಣಿನ ಮೈ ಮೇಲೆ ನಿಂತು, ಪಕ್ಕದಲ್ಲೊಂದು ಮಾತು ಬಂದು ಬಿದ್ದಾಗ ನನಗೆ ನಗು ಬರುವುದಿಲ್ಲ. ಅಂಥ ಜಾಗಗಳು ಅವರ ಸಿನಿಮಾಗಳಲ್ಲಿ ಇವೆ. ಇಲ್ಲ ಅಂತ ವಾದಿಸುವ ಅಭಿಮಾನಿಗಳ ಜೊತೆ ನಾನಿಲ್ಲ.

ಅಭಿಮಾನಿಗಳ ಇನ್ನೊಂದು ಮಾತು ಕೂಡ ನನಗೆ ಒಪ್ಪಿಗೆಯಿಲ್ಲ. ಹಾಸ್ಯದ ಬಗ್ಗೆ ಕೇಳಿದರೆ ಅವರು ನಿರ್ದೇಶಕರಾದ ಉಪೇಂದ್ರ, ಸುನೀಲ್ ಕುಮಾರ್ ದೇಸಾಯಿ, ಸಂಗೀತ ನಿರ್ದೇಶಕ ವಿ. ಮನೋಹರ್ ಹೆಸರು ಹೇಳುತ್ತಾರೆ. ಅವರೆಲ್ಲ ಕಾಶಿನಾಥ್ ಗರಡಿಯಲ್ಲಿ ಬೆಳೆದವರು, ಖರೆ. 2017ರ 'ಚೌಕ'ದಲ್ಲಿ ಕಾಶಿನಾಥ್ ಅಪ್ಪನ ಪಾತ್ರ ಮಾಡಿ ಜನರನ್ನು ಅಳಿಸಿದ್ದೂ ಖರೆ. ಮರುವರ್ಷ ಜನವರಿಯಲ್ಲಿ ಅವರು ತೀರಿಕೊಂಡಾಗ ಬೈಯುತ್ತಿದ್ದವರೂ ಹೊಗಳಿದರು. ಆದರೆ ಒಳ್ಳೆಯ ಗುರು ಅಂದಮಾತ್ರಕ್ಕೆ ಅವರ ಎಲ್ಲ ಜೋಕಿಗೂ ನಗಬೇಕಾ? ಆ ಗೌರವ ಬೇರೆ, ಈ ಲೆಕ್ಕ ಬೇರೆ.

ಆದರೆ ಮಾನ ಕಳೆದರು ಅನ್ನುವವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು. ವರದಕ್ಷಿಣೆ ಅನ್ನುವುದನ್ನು 1988ರ 'ಅವಳೇ ನನ್ನ ಹೆಂಡ್ತಿ' ನಗುವಿನೊಳಗೇ ಇಟ್ಟು ತೋರಿಸಿತು. ಭಾಷಣ ಮಾಡಿದ್ದರೆ ನಮ್ಮ ಕಡೆ ಯಾರು ಕೂತು ಕೇಳುತ್ತಿದ್ದರು? ಇವತ್ತಿಗೂ ಇಲ್ಲಿ ಹುಡುಗನ ನೌಕರಿ ನೋಡಿ ತೊಲ ಬಂಗಾರದ ಮಾತು ನಡೆಯುತ್ತದೆ. ಅಂಥ ಮಾತುಕತೆಯಲ್ಲಿ ಕೂತು ಬಂದವರಿಗೆ ಆ ಸಿನಿಮಾದ ನಗು ಬೇರೆ ಥರ ತಾಗುತ್ತದೆ. ನನಗೆ ತಾಗಿದೆ.

ಕೊನೆಗೆ ವಿದ್ಯಾರ್ಥಿಗಳು ಕೇಳುವುದು ಒಂದೇ: "ಮನ್ಯಾಗ ಎಲ್ಲರ ಜೋಡಿ ಕೂತು ನೋಡಬಹುದಾ ಮೇಡಂ?" 'ಅವಳೇ ನನ್ನ ಹೆಂಡ್ತಿ'ಯಿಂದ ಶುರು ಮಾಡಿ ಅನ್ನುತ್ತೇನೆ. ಒಂದೆರಡು ಮಾತಿಗೆ ಅಪ್ಪ ಕೆಮ್ಮಿದರೆ ಕೆಮ್ಮಲಿ. 'ಅನುಭವ' ಮಾತ್ರ ಮಕ್ಕಳ ಜೊತೆ ಬೇಡ. ದೊಡ್ಡವರಾದ ಮೇಲೆ ನೋಡಿ. ಆದರೆ ಅವ್ವ, ಅತ್ತಿ, ಚಿಗವ್ವ ಇವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.