ಸೂಜಿಗೆ ಮೊದಲು ಲೆಕ್ಕ: ಕೈಯಲ್ಲೇ ಹೊಲಿದ ಕಿಲ್ಟು

ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು ಕಿಲ್ಟು; ಅದರ ಕೆಳ ಅಂಚನ್ನು ಯಾರೂ ಮಡಚಿ ಹೊಲಿಯುವುದಿಲ್ಲ. ಮಗ್ಗದಲ್ಲೇ ಗಟ್ಟಿಯಾಗಿ ನೇಯ್ದು ಬಂದ ಬಟ್ಟೆಯ ಕರೆಯೇ ಮಂಡಿಯ ಬಳಿಗೆ ಬರುವಂತೆ ಇಟ್ಟುಕೊಳ್ಳುತ್ತಾರೆ. ಉದ್ದ ಹೆಚ್ಚಾದರೆ ಕತ್ತರಿ ಬೀಳಬೇಕಾದುದು ಸೊಂಟದ ಕಡೆಗೆ. ಎಡಿನ್‌ಬರೋದಲ್ಲಿ ನೆಲೆಸಿದ ಮೇಲೆ ಮದುವೆಗಳಲ್ಲಿ ಎಷ್ಟೋ ಕಿಲ್ಟುಗಳನ್ನು ಕಂಡಿದ್ದರೂ ಇದು ನನ್ನ ಗಮನಕ್ಕೆ ಬಂದದ್ದು ಸ್ವತಃ ಹೊಲಿಯಲು ಕುಳಿತಾಗ. ನಾನು ದರ್ಜಿಯಲ್ಲ. ಕಿತ್ತುಹೋದ ಗುಂಡಿ ಹಚ್ಚುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಇಷ್ಟೇ ನನ್ನ ವಿದ್ಯೆ. ಆದರೂ ಈ ಕೆಲಸಕ್ಕೆ ಕೈಹಾಕುವ ಧೈರ್ಯ ಬಂದದ್ದು, ಇದರಲ್ಲಿ ಸೂಜಿಯ ಚಮತ್ಕಾರಕ್ಕಿಂತ ಅಳತೆಯ ಲೆಕ್ಕವೇ ಹೆಚ್ಚು ಎಂದು ತಿಳಿದ ಮೇಲೆ.

ಬಟ್ಟೆ ಗಜಕ್ಕೆ 16 ಔನ್ಸ್ ತೂಗುವ ದಪ್ಪ ಉಣ್ಣೆಯದು. ತೆಳುವಾದ 11 ಔನ್ಸಿನದೂ ಸಿಗುತ್ತದೆ, ಆದರೆ ನೆರಿಗೆ ನೆಟ್ಟಗೆ ನಿಲ್ಲಬೇಕೆಂದರೆ ತೂಕ ಬೇಕು. ಸುಮಾರು 56 ಇಂಚು ಅಗಲದ 4 ಗಜ ಬಟ್ಟೆಯನ್ನು ಉದ್ದಕ್ಕೆ ಸರಿಯಾಗಿ ಸೀಳಿ ಎರಡು ಭಾಗಗಳನ್ನು ಜೋಡಿಸಿದರೆ, ಕಿಲ್ಟಿಗೆ ಬೇಕೆಂದು ಎಲ್ಲರೂ ಹೇಳುವ 8 ಗಜವಾಗುತ್ತದೆ. ಜೋಡಿಸಿದ ಹೊಲಿಗೆಯನ್ನು ಯಾವುದಾದರೂ ನೆರಿಗೆಯ ಹೊಟ್ಟೆಯೊಳಗೆ ಅಡಗಿಸಬೇಕು. ಈ 8 ಗಜದ ಪದ್ಧತಿಯನ್ನು ಬಹಳ ಪುರಾತನವೆಂದು ಭಾವಿಸುವವರಿದ್ದಾರೆ. ಆದರೆ ಸ್ಕಾಟ್ಲೆಂಡಿನ ಬೆಟ್ಟಗಾಡಾದ ಹೈಲ್ಯಾಂಡಿನ ಹಳೆಯ ಉಡುಪು ಹೊಲಿಗೆಯೇ ಇಲ್ಲದ, ನಡುವಿಗೆ ಬೆಲ್ಟು ಬಿಗಿದು ಉಡುತ್ತಿದ್ದ ದೊಡ್ಡ ಹೊದಿಕೆಯಾಗಿತ್ತು. 1746ರ ಕಾಯ್ದೆ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿತು, 1782ರಲ್ಲಿ ನಿಷೇಧ ತೆರವಾಯಿತು; ನೆರಿಗೆಗಳನ್ನು ಹೊಲಿದು ಕೂರಿಸಿದ, ಇಂದಿಗೂ ಉಳಿದಿರುವ ಕಿಲ್ಟುಗಳಲ್ಲಿ ಅತಿ ಹಳೆಯವು 1790ರ ದಶಕದವು. ಅವುಗಳಿಗೆ ಹಿಡಿಯುತ್ತಿದ್ದುದು ಸುಮಾರು 4 ಗಜ ಬಟ್ಟೆ ಮಾತ್ರ. ಹೀಗಾಗಿ ನಾನು ಹೊಲಿದದ್ದು 19ನೇ ಶತಮಾನದಲ್ಲಿ ಬೆಳೆದ ಮಾದರಿ ಎಂದರೆ ಸರಿಯಾದೀತು.

ನಾನು ಆರಿಸಿಕೊಂಡದ್ದು ಕಡುಹಸಿರು, ಕಡುನೀಲಿ ಮತ್ತು ಕಪ್ಪು ಬಣ್ಣಗಳ ಬ್ಲ್ಯಾಕ್ ವಾಚ್ ಟಾರ್ಟನ್, ಅಂದರೆ ಆ ಹೆಸರಿನ ಚೌಕಳಿ ಬಟ್ಟೆ. ಅದು 1739ರಲ್ಲಿ ರೂಪುಗೊಂಡ ಸೈನ್ಯದಳದ ಹೆಸರಿನದು, ಯಾವುದೇ ಒಂದು ಮನೆತನಕ್ಕೆ ಮೀಸಲಲ್ಲ. ಸ್ಕಾಟಿಷ್ ಮನೆತನದ ಹೆಸರಿಲ್ಲದ ನನ್ನಂಥವನೂ ಸಂಕೋಚವಿಲ್ಲದೆ ಉಡಬಹುದು.

ಇನ್ನು ಲೆಕ್ಕ. ನನ್ನ ಸೊಂಟ 34 ಇಂಚು, ಸೀಟು ಅಂದರೆ ಪೃಷ್ಠದ ಸುತ್ತಳತೆ 40 ಇಂಚು. ಕಿಲ್ಟಿನ ಮುಂಭಾಗದಲ್ಲಿ ನೆರಿಗೆಯಿಲ್ಲದ ಎರಡು ಏಪ್ರನ್‌ಗಳು ಒಂದರ ಮೇಲೊಂದು ಕೂರುತ್ತವೆ, ನೆರಿಗೆಗಳೆಲ್ಲ ಹಿಂದೆ. ಸುತ್ತಳತೆಯನ್ನು ಇಬ್ಭಾಗ ಮಾಡಿದರೆ ನೆರಿಗೆಗಳ ಪಾಲಿಗೆ ಸೀಟಿನಲ್ಲಿ 20 ಇಂಚು, ಸೊಂಟದಲ್ಲಿ 17 ಇಂಚು. ಚೌಕಳಿಯ ವಿನ್ಯಾಸ ಒಮ್ಮೆ ಮುಗಿದು ಮತ್ತೆ ಆರಂಭವಾಗುವವರೆಗಿನ ಅಳತೆಯನ್ನು ಸೆಟ್ ಎನ್ನುತ್ತಾರೆ. ನನ್ನ ಬಟ್ಟೆಯಲ್ಲಿ ಅದು 6 ಇಂಚು. ಸೈನ್ಯದ ಕಿಲ್ಟುಗಳಲ್ಲಿ ಪ್ರತಿ ನೆರಿಗೆಯ ನಡುವೆಯೂ ಒಂದೇ ಗೆರೆ ಬರುವಂತೆ ಸರಿಯಾಗಿ ಒಂದು ಸೆಟ್ಟಿಗೆ ಒಂದು ನೆರಿಗೆ ಹಿಡಿಯುವ ರೂಢಿಯಿದೆ. ನನಗೆ ಬೇಕಾಗಿದ್ದುದು ಇನ್ನೊಂದು ಬಗೆ: ನೆರಿಗೆಗಳೆಲ್ಲ ಸೇರಿ ನಿಂತಾಗ ಹಿಂಭಾಗದಲ್ಲೂ ಮುಂಭಾಗದ ಚೌಕಳಿಯೇ ತುಂಡಾಗದೆ ಕಾಣಬೇಕು. ಹಾಗಾಗಲು ಹೊರಗೆ ಮುಕ್ಕಾಲು ಇಂಚು ಕಾಣುವ ಪ್ರತಿ ನೆರಿಗೆಯೂ ಒಂದು ಸೆಟ್ಟಿನ ಮೇಲೆ ಆ ಮುಕ್ಕಾಲು ಇಂಚನ್ನೂ ಸೇರಿಸಿ ಆರೂಮುಕ್ಕಾಲು ಇಂಚು ಬಟ್ಟೆ ನುಂಗಬೇಕು. ಅಂಥ 27 ನೆರಿಗೆಗಳಿಗೇ 5 ಗಜ ಮುಗಿಯಿತು. ಉಳಿದದ್ದು ಏಪ್ರನ್‌ಗಳಿಗೆ ಮತ್ತು ಪಕ್ಕದ ಆಳವಾದ ನೆರಿಗೆಗಳಿಗೆ. ಸೊಂಟದಲ್ಲಿ ಅವೇ 27 ನೆರಿಗೆಗಳು 17 ಇಂಚಿಗೆ ಇಳಿಯಬೇಕಾದ್ದರಿಂದ ಒಂದೊಂದೂ ಮುಕ್ಕಾಲು ಇಂಚಿನಿಂದ ಇಂಚಿನ ಎಂಟನೇ ಐದು ಭಾಗಕ್ಕೆ ಕಿರಿದಾಗಬೇಕು. ವ್ಯತ್ಯಾಸ ಇಂಚಿನ ಎಂಟನೇ ಒಂದು ಭಾಗ, ಸೀಮೆಸುಣ್ಣದ ಗೆರೆಯ ದಪ್ಪಕ್ಕೆ ಹತ್ತಿರ. ಆದುದರಿಂದ ಸುಣ್ಣದ ಚೂಪು ತುದಿಯನ್ನು ಆಗಾಗ ಕೆರೆದುಕೊಳ್ಳುವುದು ಇಲ್ಲಿ ಶೋಕಿಯಲ್ಲ.

ಸೀಟಿನಿಂದ ಸೊಂಟದವರೆಗೆ ನೆರಿಗೆಗಳನ್ನು ಹೊಲಿದು ಬಿಗಿಸುವ ಭಾಗಕ್ಕೆ ಫೆಲ್ ಎಂದು ಹೆಸರು. ಹೊಲಿಗೆಯನ್ನು ಬಟ್ಟೆಯ ಹೊರಮುಖದಿಂದಲೇ ಹಾಕಬೇಕು. ಮೊದಲು ನೆರಿಗೆಯ ಮಡಿಕೆಯನ್ನು ಹಿಂದಿನ ನೆರಿಗೆಯ ಮೇಲಿಟ್ಟು, ಅಡ್ಡಗೆರೆಗೆ ಅಡ್ಡಗೆರೆ ಕೂಡುವಂತೆ ಗುಂಡುಸೂಜಿ ಚುಚ್ಚಿಕೊಳ್ಳುತ್ತೇನೆ. ಜೇನುಮೇಣ ಸವರಿದ ದಾರವನ್ನು ಮಡಿಕೆಯ ಅಂಚಿನ ಒಂದೆರಡು ಎಳೆಗಳಿಗೆ ಮಾತ್ರ ಸಿಕ್ಕಿಸಿ, ಸೂಜಿಯನ್ನು ಒಳಕ್ಕೆ ಇಳಿಸಿ ತುಸು ಮುಂದೆ ಎತ್ತಿ ಎಳೆದರೆ ಹೊಲಿಗೆ ಉಣ್ಣೆಯಲ್ಲಿ ಮುಳುಗಿಹೋಗುತ್ತದೆ. ಹಸಿರು ಪಟ್ಟಿ ಮುಗಿದು ಕಪ್ಪು ಬಂದಲ್ಲಿ ದಾರವೂ ಬದಲಾಗಬೇಕು. ಬ್ಲ್ಯಾಕ್ ವಾಚಿನ ನೀಲಿಯನ್ನೂ ಕಪ್ಪನ್ನೂ ವಿದ್ಯುದ್ದೀಪದಲ್ಲಿ ಬೇರ್ಪಡಿಸುವುದು ಕಣ್ಣಿಗೆ ಶಿಕ್ಷೆ. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ಇಲ್ಲಿನ ಡಿಸೆಂಬರ್ ಈ ಕೆಲಸಕ್ಕೆ ತಕ್ಕ ಕಾಲವಲ್ಲ.

ಹೊರಗೆ ಕಾಣುವ ಅಂದಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಒಳಗಿನ ಕಟ್ಟು. ಫೆಲ್ಲಿನ ಹಿಂದೆ ಪದರ ಪದರವಾಗಿ ಕೂಡಿದ ಬಟ್ಟೆಯ ದಪ್ಪವನ್ನು ಕತ್ತರಿಸಿ ತೆಗೆಯುತ್ತಾರೆ, ಆದರೆ ಅದಕ್ಕೆ ಮುನ್ನ ನೆರಿಗೆಗಳ ಭಾರ ಜಗ್ಗದಂತೆ ಒಳಗಡೆ ಅಡ್ಡಲಾಗಿ ಸಾಲುಹೊಲಿಗೆ ಹಾಕಿ ಎಲ್ಲವನ್ನೂ ಒಂದಕ್ಕೊಂದು ಬಿಗಿದಿರುತ್ತಾರೆ. ಅದರ ಮೇಲೆ ಗಡುಸಾದ ಕ್ಯಾನ್ವಾಸ್, ಕ್ಯಾನ್ವಾಸಿನ ಮೇಲೆ ಹತ್ತಿಯ ಲೈನಿಂಗ್. ಬಕಲ್‌ಗಳ ಎಳೆತವನ್ನು ತಾಳುವುದು ಈ ಕ್ಯಾನ್ವಾಸೇ ಹೊರತು ಟಾರ್ಟನ್ ಅಲ್ಲ. ಉದ್ದಕ್ಕೆ ಹೊಂದಿಸುವಾಗ ಮೇಲಿನಿಂದ ಕತ್ತರಿಸಿದ ಪಟ್ಟಿಯೇ ಸೊಂಟಪಟ್ಟಿಯಾಯಿತು. ಯಂತ್ರದಲ್ಲಿ ಹೊಲಿದ ಕಿಲ್ಟು ಕೆಟ್ಟದ್ದೆಂದು ನಾನು ಹೇಳಲಾರೆ, ಆದರೆ ಇಷ್ಟು ದಪ್ಪದ ಪದರಗಳನ್ನು ಬೆರಳು ಮುಟ್ಟಿ ಮುಟ್ಟಿ ಸರಿಹೊಂದಿಸಿದಂತೆ ಯಂತ್ರದ ಪಾದ ಹೊಂದಿಸಲಾರದು.

ನೆರಿಗೆಗಳನ್ನು ಕೆಳಗಿನವರೆಗೂ ಹಿಡಿದಿಟ್ಟ ಬಿಳಿ ದಾರದ ಕಚ್ಚಾ ಹೊಲಿಗೆಯನ್ನು ಬಿಚ್ಚುವುದು ಒದ್ದೆಬಟ್ಟೆ ಹಾಸಿ ಭಾರವಾದ ಇಸ್ತ್ರಿ ಒತ್ತಿ, ಬಟ್ಟೆ ಪೂರ್ತಿ ಆರಿದ ಮೇಲೆ. ಕೊನೆಗೆ ಉಳಿದದ್ದು ಚರ್ಮದ ಪಟ್ಟಿಗಳು: ಬಲಗಡೆ ಎರಡು, ಎಡಗಡೆ ಒಂದು. ಎಡಗಡೆಯದು ಒಳ ಏಪ್ರನ್ನಿನಿಂದ ಹೊರಟು, ಕಾಜಾ ಹೊಲಿದಂತೆ ಭದ್ರಪಡಿಸಿದ ಸೀಳಿನ ಮೂಲಕ ಹೊರಬರುತ್ತದೆ. ಪಟ್ಟಿಗಳಲ್ಲಿ ಕೆಲವು ತೂತುಗಳಿರುವುದರಿಂದ, ಮದುವೆಯೂಟ ಮುಗಿಸಿ ಎದ್ದಾಗ ಒಂದು ತೂತಿನಷ್ಟು ಸಡಿಲಿಸಿಕೊಳ್ಳಲು ಅವಕಾಶವಿದೆ.