ಜಯಮಂಗಲಿಯ ಬೆನ್ನು ಹಿಡಿದು ಐದು ದಿನ

ಕಳೆದ ವರ್ಷ ಗೋಕರ್ಣಕ್ಕೆ ಹೋಗಿ ಬಂದ ನನ್ನ ಭಾಮೈದ ಒಂದು ವಾರ ನಮ್ಮ ಮನೆಯಲ್ಲಿ ಬೇರೆ ಮಾತನ್ನೇ ಆಡಲಿಲ್ಲ. ಕುಡ್ಲೆ ತೀರದಿಂದ ಗುಡ್ಡ ಹತ್ತಿ ಇಳಿದರೆ ಓಂ ತೀರವಂತೆ, ಇನ್ನೊಂದು ಗುಡ್ಡ ದಾಟಿದರೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ತದಡಿಯಲ್ಲಿ ಅಘನಾಶಿನಿಯನ್ನು ದೋಣಿಯಲ್ಲಿ ದಾಟಿ ಕುಮಟಾದ ಕಡೆಗೆ ಮತ್ತೆ ಮರಳಿನ ಮೇಲೆ ನಡಿಗೆ. "ಸಮುದ್ರ ಬಲಗಡೆಗಿದ್ದರೆ ಸಾಕು ಭಾವ, ದಾರಿ ತಪ್ಪುವ ಮಾತೇ ಇಲ್ಲ" ಎಂದು ಊಟದ ನಡುವೆ ಎಡಗೈ ಬೀಸಿ ಬೀಸಿ ತೋರಿಸುತ್ತಿದ್ದ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಸಾರು ಬಡಿಸುತ್ತ "ನೀವೂ ಎಲ್ಲಾದರೂ ನಡೆದು ಬನ್ನಿ. ನಿವೃತ್ತಿಯಾದಾಗಿನಿಂದ ಆ ಕುರ್ಚಿಗೆ ಬಾಡಿಗೆ ಕೊಡಬೇಕಾಗಿತ್ತು" ಎಂದಳು.

ತುಮಕೂರಿಗೆ ಸಮುದ್ರವನ್ನು ಎಲ್ಲಿಂದ ತರೋಣ? ಆದರೂ ನೀರನ್ನು ಒಂದು ಮಗ್ಗುಲಿಗೆ ಇಟ್ಟುಕೊಂಡು ನಡೆಯುವುದು ಎಂಬ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ನಾನು ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಹೆಚ್ಚು ಕಾಲ ದುಡಿದದ್ದು ತುಮಕೂರು, ಕೊರಟಗೆರೆ, ಮಧುಗಿರಿ, ಹಿಂದೂಪುರದ ದಾರಿಯಲ್ಲಿ. ಜಯಮಂಗಲಿ ನದಿಯನ್ನು ಎಷ್ಟು ಸಾವಿರ ಸಲ ದಾಟಿದೆನೋ ಲೆಕ್ಕವಿಲ್ಲ. ನನ್ನ ಪಾಲಿಗೆ ಅದು ಒಂದು ಸ್ಟೇಜಿಗೂ ಇನ್ನೊಂದು ಸ್ಟೇಜಿಗೂ ನಡುವಿನ ಸೇತುವೆ, ಅಷ್ಟೆ. ಅಲ್ಲಿಗೆ ಬರುವಷ್ಟರಲ್ಲಿ ಟಿಕೆಟ್ ಹರಿದು ಮುಗಿಸಿರಬೇಕು, ವೇಬಿಲ್ ಬರೆದಿರಬೇಕು. ಕೆಳಗೆ ನೀರಿದೆಯೋ ಮರಳಿದೆಯೋ ಎಂದು ಬಗ್ಗಿ ನೋಡಿದವನಲ್ಲ. ಹಾಗಾಗಿ ಈ ಸಲ ಸಂಕ್ರಾಂತಿ ಮುಗಿದ ಮೇಲೆ ಭಾಮೈದನನ್ನು ಕರೆದು, ಹುಟ್ಟುವ ಕಡೆಯಿಂದ ನಮ್ಮ ಜಿಲ್ಲೆಯ ಗಡಿಯ ತನಕ ಜಯಮಂಗಲಿಯ ಜೊತೆ ನಡೆಯೋಣ ಎಂದೆ. "ಅದರಲ್ಲಿ ನೀರೇ ಇರುವುದಿಲ್ಲವಲ್ಲ ಭಾವ" ಎಂದ. ದಾರಿ ತೋರಿಸಲು ನೀರೇಕೆ, ಮರಳು ಸಾಲದೇ ಎಂದೆ. ಈ ಮಾತಿಗೆ ನಾಲ್ಕನೆಯ ದಿನ ಸರಿಯಾಗಿ ಅನುಭವಿಸಿದೆ.

ಮೊದಲ ದಿನದ್ದು ಸುಲಭದ ದಾರಿ. ಬೆಳಗುಂಬ ದಾಟಿ ನಾಮದ ಚಿಲುಮೆ, ಅಲ್ಲಿಂದ ದೇವರಾಯನದುರ್ಗ. ವನವಾಸದಲ್ಲಿದ್ದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ, ಬಂಡೆಗೆ ಬಾಣ ಬಿಟ್ಟನೆಂದೂ ಅಲ್ಲಿಂದ ಚಿಲುಮೆ ಎದ್ದಿತೆಂದೂ ಕತೆ. ಬಂಡೆಯ ನಡುವಿನ ಸಣ್ಣ ಗುಣಿಯಲ್ಲಿ ನೀರು ಈಗಲೂ ಇದೆ. ಪಕ್ಕದಲ್ಲಿ ಜಿಂಕೆಗಳ ಆವರಣ, ಅದರ ಬೇಲಿಯ ಹೊರಗೆ ಜಿಂಕೆಗಿಂತ ಧೈರ್ಯವಂತ ಕೋತಿಗಳು. ಭಾಮೈದನ ಕೈಯಲ್ಲಿದ್ದ ಬಾಳೆಹಣ್ಣಿನ ಚಿಪ್ಪು ಅಲ್ಲೇ ಹೋಯಿತು. ಇದು ಚಿರತೆ, ಕರಡಿ ಇರುವ ಕಾಡು. ಬೆಳಕು ಹರಿದ ಮೇಲೆ ಹೊರಟು, ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಬೇಕು ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆವು.

ದುರ್ಗಕ್ಕೆ ಮೊದಲು ಆನೆಬಿದ್ದಸರಿ ಎಂದೂ ಆಮೇಲೆ ಜಡಕನೆಂಬ ಪಾಳೆಯಗಾರನಿಂದ ಜಡಕನದುರ್ಗ ಎಂದೂ ಹೆಸರಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗವಾಯಿತು. ಕೆಳಗೆ ಭೋಗನರಸಿಂಹ, ನೆತ್ತಿಯಲ್ಲಿ ಯೋಗನರಸಿಂಹ. ಮೇಲಿನ ಮೆಟ್ಟಿಲು ಹತ್ತುವಾಗ ನನ್ನ ಮಂಡಿಗಳು ತಮ್ಮ ಸರ್ವಿಸ್ ಪುಸ್ತಕವನ್ನು ತೆರೆದು ತೋರಿಸಿದವು. ಕಂಡಕ್ಟರ್ ಕಾಲು ಲಕ್ಷಾಂತರ ಕಿಲೋಮೀಟರ್ ಹೋಗಿರುತ್ತದೆ, ಆದರೆ ನಿಂತಲ್ಲೇ ಹೋಗಿರುತ್ತದೆ. ತೂಗಾಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವ ವಿದ್ಯೆ ಬೆಟ್ಟ ಹತ್ತುವಾಗ ಉಪಯೋಗಕ್ಕೆ ಬರುವುದಿಲ್ಲ.

ಈ ಬೆಟ್ಟದಲ್ಲಿ ಹುಟ್ಟುವ ಜಯ, ಮಂಗಲಿ ಎಂಬ ಎರಡು ತೊರೆಗಳು ಕೂಡಿ ಜಯಮಂಗಲಿ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಶಿಂಷಾ. ಅಂದರೆ ಒಂದೇ ಮೋಡದಿಂದ ಬಿದ್ದ ಮಳೆಯಲ್ಲಿ ದಕ್ಷಿಣಕ್ಕೆ ಇಳಿದದ್ದು ಶಿಂಷೆಯಾಗಿ ಕಾವೇರಿಗೆ ಹೋಗುತ್ತದೆ. ಉತ್ತರಕ್ಕೆ ಇಳಿದದ್ದು ಜಯಮಂಗಲಿಯಾಗಿ ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಕೊನೆಗೆ ಎರಡೂ ಬೀಳುವುದು ಬಂಗಾಳ ಕೊಲ್ಲಿಗೇ. "ನೋಡು, ನಮ್ಮದೂ ಸಮುದ್ರದ ದಾರಿಯೇ" ಎಂದೆ. ಭಾಮೈದ ಉಸಿರು ಬಿಡುತ್ತಿದ್ದನಾದ್ದರಿಂದ ಉತ್ತರ ಬರಲಿಲ್ಲ.

ಎರಡನೆಯ ದಿನ ಕಾಡು ಇಳಿದು ಅಡಿಕೆ, ತೆಂಗಿನ ತೋಟಗಳ ನಡುವೆ ತೀತಾ ಜಲಾಶಯದ ತನಕ. ಜಯಮಂಗಲಿಯ ನೀರನ್ನು ತಡೆದು ಕಟ್ಟಿದ ಈ ಜಲಾಶಯದ ಪಕ್ಕದಲ್ಲೇ ಗೊರವನಹಳ್ಳಿ ಮಹಾಲಕ್ಷ್ಮಿ. ಶುಕ್ರವಾರ ಬಂತೆಂದರೆ ಇಲ್ಲಿಗೆ ಬರುವ ಬಸ್ಸಿನಲ್ಲಿ ನನಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗಲು ಕೆಳಗಿಳಿದು ಓಡಿ ಹತ್ತುತ್ತಿದ್ದೆ. ಇಷ್ಟು ಜನರನ್ನು ಇಲ್ಲಿ ಇಳಿಸಿದವನು ಒಮ್ಮೆಯೂ ಒಳಗೆ ಹೋಗಿರಲಿಲ್ಲ. ಈ ಸಲ ಸಾಲಿನಲ್ಲಿ ನಿಂತು ದರ್ಶನ ಮಾಡಿ, ಪ್ರಸಾದದ ಊಟ ಮಾಡಿ, ಸಂಜೆ ಕೆರೆಯ ಏರಿಯಂತಹ ಅಣೆಕಟ್ಟೆಯ ಹತ್ತಿರ ಕುಳಿತೆವು. ಭಾಮೈದನ ಅಂಗಾಲಿನಲ್ಲಿ ದೊಡ್ಡದೊಂದು ಬೊಕ್ಕೆ ಎದ್ದಿತ್ತು. ಗೋಕರ್ಣಕ್ಕೆಂದು ಕೊಂಡ ದುಬಾರಿ ಬೂಟು. ನನ್ನ ಕಾಲಿನಲ್ಲಿ ಡ್ಯೂಟಿಯ ಹಳೆಯ ಚಪ್ಪಲಿ, ಏನೂ ಆಗಿರಲಿಲ್ಲ. ಈ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ.

ಮೂರನೆಯ ದಿನ ಹೊಳವನಹಳ್ಳಿಯ ಕಡೆಗೆ. ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ, ರಾಗಿಯ ವಿಚಾರ ಒಂದನ್ನು ಬಿಟ್ಟು. ಈ ಕಾಲದಲ್ಲಿ ಹಳ್ಳಿಯ ಟಾರು ರಸ್ತೆಗಳೆಲ್ಲ ಕಣವಾಗಿಬಿಡುತ್ತವೆ. ರಾಗಿ ತೆನೆ, ಹುರುಳಿ, ತೊಗರಿ ಹರಡಿ, ಎರಡೂ ತುದಿಗೆ ಕಲ್ಲಿಟ್ಟು, ಬಸ್ಸು ಲಾರಿಗಳ ಚಕ್ರದಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಹುರುಳಿ ಬಳ್ಳಿ ಆಕ್ಸಲಿಗೆ ಸುತ್ತಿಕೊಂಡು ಬೆಂಕಿ ಹತ್ತೀತೆಂದು ನಮ್ಮ ಡ್ರೈವರುಗಳು ಬೈಯುತ್ತಿದ್ದರು, ನಾನೂ ಕಿಟಕಿಯಿಂದ ತಲೆ ಹಾಕಿ ಕೂಗುತ್ತಿದ್ದೆ. ಈಗ ನೋಡಿದರೆ ರಸ್ತೆಯಂಚಿನಲ್ಲಿ ಒಬ್ಬ ಹೆಂಗಸು ಮೊರದಲ್ಲಿ ರಾಗಿ ತೂರುತ್ತಿದ್ದಳು. ಗಾಳಿ ಇಲ್ಲದಾಗ ಕೈ ನಿಲ್ಲಿಸಿ ಕಾಯುವಳು, ಗಾಳಿ ಬಂದ ಕೂಡಲೇ ಮೊರ ಎತ್ತಿ ಅಲುಗಿಸುವಳು. ಹೊಟ್ಟು ನಮ್ಮ ಮುಖದ ಮೇಲೆ ಹಾರಿ ಹೋಗುತ್ತಿತ್ತು, ಕಾಳು ಅವಳ ಕಾಲಿನ ಬಳಿ ಸಣ್ಣ ಸದ್ದು ಮಾಡುತ್ತ ಬೀಳುತ್ತಿತ್ತು. ಒಂದು ಕಾರು ಬಂದಾಗ ಅವಳು ಎದ್ದು ದಾರಿ ಬಿಡಲಿಲ್ಲ, ಕಾರೇ ಸುತ್ತಿ ಹೋಯಿತು. ಅದಕ್ಕೆ ಅವಳು ತಲೆಯೂ ಎತ್ತಲಿಲ್ಲ. ರಾತ್ರಿ ಹೊಳವನಹಳ್ಳಿಯಲ್ಲಿ ದೂರದ ನೆಂಟರ ಮನೆಯಲ್ಲಿ ಅವರೆಕಾಳಿನ ಸಾರು, ಮುದ್ದೆ. ಸೊಗಡಿನ ಅವರೆಯ ಕಾಲವೇ ಇದು. ಆ ಮನೆಯ ಒಳಗೂ ಹೊರಗೂ ಅದೇ ಘಮ.

ನಾಲ್ಕನೆಯ ದಿನ ನದಿ ಕಳೆದುಹೋಯಿತು.

ಇದು ಹೇಗೆಂದು ಕೇಳಬೇಡಿ. ಬೆಳಿಗ್ಗೆ ಮರಳಿನ ಪಾತ್ರ ಹಿಡಿದು ಉತ್ತರಕ್ಕೆ ಹೊರಟೆವು. ಮೈಲಿಗಟ್ಟಲೆ ಬಳ್ಳಾರಿ ಜಾಲಿ. ಕೆಲವು ಕಡೆ ಮರಳು ತೆಗೆದು ತೆಗೆದು ಆಳೆತ್ತರದ ಗುಂಡಿಗಳಾಗಿ, ಯಾವುದು ದಡ, ಯಾವುದು ಪಾತ್ರ ಎಂದು ತಿಳಿಯದಂತಾಗಿದೆ. ಜಾಲಿಯನ್ನು ಬಳಸಿ ಹೋಗಿ ಮರಳಿ ಪಾತ್ರಕ್ಕೆ ಇಳಿದೆವೆಂದುಕೊಂಡರೆ ಅದು ಯಾವುದೋ ಹಳ್ಳ. ಒಂದು ಗಂಟೆ ಅದರಲ್ಲಿ ನಡೆದು ಯಾರದೋ ದಾಳಿಂಬೆ ತೋಟದ ಬೇಲಿಗೆ ಮುಟ್ಟಿದೆವು. ಅಷ್ಟರಲ್ಲಿ ಒಂದು ಜಾಲಿ ಮುಳ್ಳು ನನ್ನ ಚಪ್ಪಲಿಯನ್ನು ತೂರಿ ಹಿಮ್ಮಡಿಗೆ ನಾಟಿತು. ಭಾಮೈದ ಅದನ್ನು ಕೀಳುತ್ತ "ಬೂಟು ಹಾಕಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಭಾವ" ಎಂದ. ಎರಡು ದಿನ ಕಾದು ಕೊಟ್ಟ ಉತ್ತರ, ಒಪ್ಪಿಕೊಂಡೆ. ಮುಂದೆ ನಮ್ಮನ್ನು ಕಾಪಾಡಿದ್ದು ಮಧುಗಿರಿಯ ಬೆಟ್ಟ. 3,930 ಅಡಿ ಎತ್ತರದ ಆ ಏಕಶಿಲೆ ಪಶ್ಚಿಮದಲ್ಲಿ ಎಲ್ಲಿಂದ ನೋಡಿದರೂ ಕಾಣುತ್ತದೆ. ಅದನ್ನು ಎಡಗಡೆಗೆ ಇಟ್ಟುಕೊಂಡರೆ ಸಾಕು ಎಂದು ತೀರ್ಮಾನವಾಯಿತು. ಗೋಕರ್ಣದಲ್ಲಿ ಬಲಗಡೆ ಸಮುದ್ರ, ಇಲ್ಲಿ ಎಡಗಡೆ ಬಂಡೆ.

ನದಿ ಸಿಕ್ಕಿದ್ದು ಒಬ್ಬ ಅಜ್ಜನಿಂದ. ಕುರಿ ಬಿಟ್ಟುಕೊಂಡು ಹೊಂಗೆ ಮರದ ಕೆಳಗೆ ಕುಳಿತಿದ್ದ. ಕುಡಿಯುವ ನೀರು ಕೇಳಿದಾಗ ತನ್ನ ಬಾಟಲಿ ಕೊಟ್ಟು, "ಮೊದಲಾಗಿದ್ದರೆ ಬಾಟಲಿ ಯಾಕೆ ಸ್ವಾಮಿ, ಇಲ್ಲೇ ಬಗ್ಗಿ ಕುಡಿಯುತ್ತಿದ್ದಿರಿ" ಎಂದು ಎದ್ದು ಕರೆದೊಯ್ದು ತೋರಿಸಿದ. ಅದು ತಲಪರಿಗೆ. ಮರಳು ನೆಲದಲ್ಲಿ ನೀರು ಮೇಲುಮೇಲಕ್ಕೇ ಇರುವ ಕಡೆ ಹೊಂಡ ತೋಡಿ, ಒಸರಿದ ನೀರನ್ನು ಕಾಲುವೆಯಲ್ಲಿ ಹೊಲಕ್ಕೆ ಹಾಯಿಸುವ ಏರ್ಪಾಡು. ಪಂಪು ಬೇಡ, ಕಪಿಲೆ ಬೇಡ. ನೆಲದ ಇಳಿಜಾರೇ ನೀರನ್ನು ಒಯ್ಯುತ್ತದೆ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ಹಳ್ಳಿಗಳಲ್ಲಿ ಇಂಥವು ಬಹಳ ಇದ್ದವು. ವರ್ಷಕ್ಕೊಮ್ಮೆ ಜಮೀನಿರುವ ಪ್ರತಿ ಮನೆಯಿಂದ ಒಂದು ಆಳು ಬಂದು ಹೂಳು ಎತ್ತಬೇಕಿತ್ತು, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಮರಳು ಹೋಯಿತು, ಕೊಳವೆ ಬಾವಿಗಳು ಸಾವಿರ ಅಡಿಗೆ ಇಳಿದವು, ಒಸರು ನಿಂತಿತು. ನಾವು ನೋಡಿದ ಹೊಂಡದ ಮೂರು ಬದಿಗೆ ಕಲ್ಲಿನ ಕಟ್ಟಡವಿತ್ತು, ನಾಲ್ಕನೆಯ ಬದಿ ಕುಸಿದಿತ್ತು. ಒಂದು ಕಲ್ಲಿನ ನೆತ್ತಿಯಲ್ಲಿ ಹಗ್ಗ ಉಜ್ಜಿ ಉಜ್ಜಿ ಆದ ಗೀರು. ತಳದಲ್ಲಿ ಎರಡು ಬೊಗಸೆಯಷ್ಟು ಹಸಿರು ನೀರು, ಅದರ ಮೇಲೆ ಹೊಂಗೆಯ ಎಲೆ. ಅಜ್ಜ ಎಲೆಗಳನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿದ, ಮನೆಗೆ ಬಂದವರ ಮುಂದೆ ಚಾಪೆ ಕೊಡವುವವರ ಹಾಗೆ. 2022ರ ಮಳೆಗೆ ಕೆರೆಗಳೆಲ್ಲ ಕೋಡಿ ಬಿದ್ದು ನದಿ ದಡ ಮುಟ್ಟಿ ಹರಿದಾಗ ಇದೂ ಕೆಲವು ತಿಂಗಳು ತುಂಬಿತ್ತಂತೆ.

ಸಂಜೆ ಕೊಡಿಗೇನಹಳ್ಳಿಯ ಹತ್ತಿರ ಹಿಂದೂಪುರ ರಸ್ತೆಯ ಸೇತುವೆಯ ಕೆಳಗೆ ಬಂದು ನಿಂತೆವು. ನನ್ನ ಸೇತುವೆ. ಕೆಳಗಿನಿಂದ ನೋಡಿದ್ದು ಅಂದೇ ಮೊದಲು. ಮೇಲೆ ಒಂದು ಬಸ್ಸು ಬರುವ ಸದ್ದು ಕೇಳಿ ಮನಸ್ಸಿನಲ್ಲೇ ಎಣಿಸಿದೆ. ಹತ್ತು ಮುಟ್ಟುವ ಮೊದಲೇ ದಾಟಿ ಹೋಯಿತು. ನಮಗೆ ಇಲ್ಲಿಗೆ ಬರಲು ನಾಲ್ಕು ದಿನ ಹಿಡಿದಿತ್ತು.

ಕೊಡಿಗೇನಹಳ್ಳಿಯಲ್ಲಿ ಉಳಿಯಲು ಜಾಗ ವಿಚಾರಿಸುತ್ತಿದ್ದಾಗ ಗೊಬ್ಬರದಂಗಡಿಯ ಒಳಗಿನಿಂದ ಒಬ್ಬರು "ಕಂಡಕ್ಟರ್ ಸಾರ್!" ಎಂದು ಕೂಗಿದರು. ನಲವತ್ತರ ಹತ್ತಿರದ ಮನುಷ್ಯ. ಮಧುಗಿರಿಯ ಕಾಲೇಜಿಗೆ ನನ್ನ ಬಸ್ಸಿನಲ್ಲೇ ಪಾಸಿನ ಮೇಲೆ ಓಡಾಡುತ್ತಿದ್ದರಂತೆ. ಬೇರೆ ಮಾತಿಗೆ ಅವಕಾಶ ಕೊಡದೆ ಮನೆಗೆ ಕರೆದೊಯ್ದರು. ಊಟದ ಮಧ್ಯೆ ನಗುತ್ತ, "ಸಾರ್, ಒಂದು ಸಲ ನೀವು ನನ್ನನ್ನು ಬಸ್ಸಿನಿಂದ ಇಳಿಸಿದ್ದಿರಿ, ನೆನಪಿದೆಯೇ?" ಎಂದರು.

ನೆನಪಿರಲಿಲ್ಲ. ಪಾಸು ಮರೆತು ಬಂದಿದ್ದರಂತೆ, ಜೇಬಿನಲ್ಲಿ ಹಣವಿಲ್ಲ. ನಾನು ನಡುದಾರಿಯಲ್ಲಿ ಶಿಳ್ಳೆ ಊದಿ ಇಳಿಸಿದೆನಂತೆ. ಚೆಕಿಂಗಿನವರು ಹತ್ತಿದರೆ ಮೆಮೊ ಬೀಳುತ್ತಿದ್ದದ್ದು ನನಗೇ, ಆ ಮಾತನ್ನು ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಬೇಸಗೆಯ ಮಧ್ಯಾಹ್ನ, ನದಿಯ ಮರಳಿನಲ್ಲೇ ನಡೆದುಕೊಂಡು ಊರು ಸೇರಿದರಂತೆ. "ದಾರಿಯಲ್ಲಿ ಹೊಂಗೆ ಮರದ ಹತ್ತಿರ ಒಂದು ತಲಪರಿಗೆ ಇತ್ತು ಸಾರ್. ಅದರಲ್ಲಿ ಹೊಟ್ಟೆ ತುಂಬ ನೀರು ಕುಡಿದೆ. ಈಗ ಇದೆಯೋ ಇಲ್ಲವೋ" ಎಂದರು. ಭಾಮೈದ ನನ್ನ ಮುಖ ನೋಡಿದ. ಇದೆ ಎಂದೆ. ಅವರ ತಾಯಿ ಇನ್ನೊಂದು ಮುದ್ದೆ ತಂದು ತಟ್ಟೆಗೆ ಹಾಕಿದರು, ಬೇಡವೆನ್ನುವ ಧೈರ್ಯವಾಗಲಿಲ್ಲ.

ಐದನೆಯ ಬೆಳಿಗ್ಗೆ ನದಿಯನ್ನು ಬಿಟ್ಟು ಅವರ ಜೊತೆಯಲ್ಲೇ ಮೈದನಹಳ್ಳಿಗೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇರುವುದು ಅಲ್ಲಿ. 798 ಎಕರೆ, 2007ರಲ್ಲಿ ಘೋಷಣೆಯಾದದ್ದು. ಮಂಜು ಹರಿಯುವ ಹೊತ್ತಿಗೆ ಒಣಹುಲ್ಲಿನ ನಡುವೆ ಮೊದಲು ಕೊಂಬುಗಳು ಮಾತ್ರ ಕಂಡವು, ತಿರುಪಿನ ಹಾಗೆ ಸುತ್ತಿದ ಎರಡು ಕೊಂಬು. ಆಮೇಲೆ ಕಪ್ಪು ಬೆನ್ನು, ಬಿಳಿಯ ಹೊಟ್ಟೆ. ಹಿಂದೆ ಕಂದು ಬಣ್ಣದ ಹೆಣ್ಣುಗಳು, ಹತ್ತಕ್ಕೆ ಮೇಲಿದ್ದವು. ಭಾಮೈದ ಕೆಮ್ಮಿದ. ಮುಂದಿನದು ಒಂದು ಹೆಣ್ಣು, ಓಡುವ ಮೊದಲು ನಿಂತಲ್ಲಿಂದಲೇ ಆಳೆತ್ತರಕ್ಕೆ ನೆಗೆಯಿತು. ಅದರ ಹಿಂದೆ ಒಂದೊಂದಾಗಿ ಉಳಿದವೂ ನೆಗೆದವು. ಹಿಂದೂಪುರ ಬಸ್ಸಿನಲ್ಲಿ ಇಷ್ಟು ವರ್ಷ ಇವುಗಳ ಪಕ್ಕದಲ್ಲೇ ಚಿಲ್ಲರೆ ಎಣಿಸುತ್ತ ಹೋಗಿದ್ದೇನೆ.

ಮಧ್ಯಾಹ್ನ ಕೊಡಿಗೇನಹಳ್ಳಿಯಲ್ಲಿ ಬಸ್ಸು ಹತ್ತಿಸಲು ಅವರೇ ಬಂದರು. ಮನೆಗೆಂದು ಒಂದು ಚೀಲ ಕಡಲೆಕಾಯಿ. ಬಸ್ಸಿನ ತುಂಬ ಹೆಂಗಸರು, ನಮಗೆ ಹಿಂದಿನ ಸೀಟು ಸಿಕ್ಕಿದ್ದೇ ಪುಣ್ಯ. ನಾನು ಸರಿಯಾದ ಚಿಲ್ಲರೆ ಎಣಿಸಿ ಕೈಯಲ್ಲಿ ಹಿಡಿದುಕೊಳ್ಳುವಷ್ಟರಲ್ಲಿ ಅವರು ನಮ್ಮಿಬ್ಬರ ಟಿಕೆಟಿನ ಹಣ ಕೊಟ್ಟಾಗಿತ್ತು. ಯಂತ್ರದಿಂದ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಹುಡುಗನಿಗೆ ನನ್ನನ್ನು ತೋರಿಸಿ, ಇಳಿಯುವ ಮೊದಲು ಹೇಳಿದರು: "ಈ ಹಿರಿಯರು ನಮ್ಮವರು, ಮಧುಗಿರಿಯಲ್ಲಿ ತುಮಕೂರಿನ ಬಸ್ಸಿಗೆ ಬಿಡಿ. ನಡುದಾರಿಯಲ್ಲಿ ಮಾತ್ರ ಇಳಿಸಬೇಡಿ."