ಕೆಲಗೇರಿ ತೋಟದ ಬದನಿಕೆ

ಧಾರವಾಡದ ಕೆಲಗೇರಿ ಕಡೆ ನಮ್ಮ ಕಾಕಾನದೊಂದು ಸಣ್ಣ ಆಪೂಸ್ ಮಾವಿನ ತೋಟ. ಹೋದ ವರ್ಷ ಬ್ಯಾಸಗಿಯಲ್ಲಿ ಒಂದು ಗಿಡದ ನಡುವೆ ಒಂದೇ ಟೊಂಗೆ ದಟ್ಟ ಹಸಿರಾಗಿ, ಕಿತ್ತಳೆ ಬಣ್ಣದ ಕೊಳವೆಯಂಥ ಹೂ ಬಿಟ್ಟು ನಿಂತಿತ್ತು. "ಈ ಟೊಂಗಿ ಭಾಳ ಜೋರ ಚಿಗತೈತ್ರಿ ಕಾಕಾ" ಅಂದೆ.

"ಲೇ, ಅದು ಮಾವಲ್ಲೋ, ಬದನಿಕಿ! ಏರಿ ತಗಿ ಅದನ್ನ."

ಬದನಿಕೆ ಅಂದರೆ ಬೇರೆ ಮರದ ಟೊಂಗೆ ಮೇಲೆ ಕೂತು, ಅದರಿಂದ ಹೀರಿ ಬದುಕುವ ಗಿಡ. ಏರಿದೆ, ಕೈಯಿಂದ ಮುರಿದು ಒಗೆದೆ, ಇಳಿದೆ. ಈ ಸಲ ಹಣ್ಣಿನ ಸುಗ್ಗಿ ಮುಗಿದ ಮೇಲೆ, ಮಿರಗದ ಮಳಿಗಿಂತ ಮುಂಚೆ ಹೋದರೆ ಅದೇ ಜಾಗದಲ್ಲಿ ಮತ್ತೆ ಹಾಜರ್! ಅದರಿಂದಾಚೆ ಮಾವಿನ ಟೊಂಗೆಯ ತುದಿ ಒಣಗಿ ಕಟ್ಟಿಗೆಯಾಗಿತ್ತು.

ಕಾಕಾ ಗರಗಸ ತಂದು ಬದನಿಕೆ ಕೂತಲ್ಲಿಂದ ಒಂದಡಿ ಕೆಳಗೆ ಟೊಂಗೆಯನ್ನೇ ಕೊಯ್ದು ಕೆಡವಿದರು. ಕೂತ ಜಾಗದಲ್ಲಿ ಮುಷ್ಟಿಯಷ್ಟು ಗಂಟು. ಅದನ್ನು ಸೀಳಿದಾಗ ನೋಡಿದೆ: ಮಾವಿನ ಕಟ್ಟಿಗೆ ಎಲ್ಲಿ ಮುಗಿಯುತ್ತದೆ, ಬದನಿಕೆ ಎಲ್ಲಿ ಶುರುವಾಗುತ್ತದೆ ಅನ್ನುವುದೇ ತಿಳಿಯದಂಗೆ ಒಂದರೊಳಗೊಂದು ಬೆಸೆದುಕೊಂಡಿದ್ದವು. ಬದನಿಕೆ ಹೀಗೆ ಟೊಂಗೆಯೊಳಗೆ ಇಳಿಸುವ ಬೇರಿಗೆ ಹೀರುಬೇರು ಅನ್ನುತ್ತಾರೆ, ಅದು ಮಾವಿನ ನೀರಿನ ನಾಳಕ್ಕೇ ಬಾಯಿ ಹಚ್ಚಿರುತ್ತದೆ. ಮೇಲಿನದನ್ನು ಮುರಿದರೂ ಒಳಗೆ ಉಳಿದದ್ದು ಮತ್ತೆ ಚಿಗುರುತ್ತದೆ. ನಾನು ಹೋದ ವರ್ಷ ಮಾಡಿದ್ದು ಬರೀ ಕಟಿಂಗು.

ಹಾಗಂತ ಇದು ಪೂರಾ ಕಳ್ಳನೂ ಅಲ್ಲ. ಎಲೆ ಹಸಿರಿದೆಯಲ್ಲ, ಬಿಸಿಲಿನಲ್ಲಿ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮಾವಿನದು. ಬೇಲಿ ಮೇಲೆ ಹಳದಿ ದಾರದಂತೆ ಹಬ್ಬುವ ಆಕಾಶಬಳ್ಳಿಗೆ ಆ ಮರ್ಯಾದೆಯೂ ಇಲ್ಲ. ಹೇಳಿಕೊಳ್ಳುವಂಥ ಎಲೆಯಿಲ್ಲ, ನೀರಿನ ಜೊತೆ ಅನ್ನವನ್ನೂ ಬೇರೆ ಗಿಡದಿಂದಲೇ ಹೀರಬೇಕು. (ಕಾಕಾನ ಲೆಕ್ಕದಲ್ಲಿ ಎರಡೂ ಒಂದೇ, ಎರಡಕ್ಕೂ ಅವರು ಇಟ್ಟ ಹೆಸರನ್ನು ಇಲ್ಲಿ ಬರೆಯಲಾಗದು.)

"ಅಲ್ರೀ, ಅಷ್ಟು ಮ್ಯಾಲೆ ಬೀಜಾ ಹೆಂಗ ಹೋತು?"

ಕಾಕಾ ಪಕ್ಕದ ಗಿಡದತ್ತ ಕೈ ಮಾಡಿದರು. 8 ಸೆಂಟಿಮೀಟರಿನಷ್ಟು ಪುಟ್ಟ ಹಕ್ಕಿ, ಚಿಕ್ ಚಿಕ್ ಅನ್ನುತ್ತ ಬದನಿಕೆಯ ಹಣ್ಣು ನುಂಗುತ್ತಿತ್ತು. ಅದರ ಹೆಸರೂ ಬದನಿಕೆ ಹಕ್ಕಿಯೇ. ಬೀಜಕ್ಕೆ ಗೋಂದಿನಂಥ ಅಂಟು. ಹಿಕ್ಕೆಯಲ್ಲಿ ಹೊರಬಂದರೂ ಹಿಂದೆಯೇ ಜೋತುಬೀಳುತ್ತದೆ. ಹಕ್ಕಿ ಬೇಸತ್ತು ಟೊಂಗೆಗೆ ಒರೆಸುತ್ತದೆ. ಬಿತ್ತನೆ ಮುಗಿಯಿತು.

ನಿಜವೇ ಅಂತ ಕೆಳಗೆ ಬಿದ್ದ ಟೊಂಗೆಯಿಂದ ಒಂದು ಕೆಂಪು ಹಣ್ಣು ಹಿಚುಕಿದೆ. ಬೀಜ ಬೆರಳಿಗೆ ಹತ್ತಿದ್ದು ಕೊಡವಿದರೂ ಬೀಳಲಿಲ್ಲ, ದಾರ ದಾರವಾಗಿ ಜಗ್ಗಿತು. ಕಡೆಗೆ ಬಾಜೂಕಿದ್ದ ಎಳೆ ಟೊಂಗೆಗೆ ತಿಕ್ಕಿದೆ.

"ಏ ಮಾರಾಯಾ," ಹಿಂದಿನಿಂದ ಕಾಕಾ ಚೀರಿದರು, "ಎಲ್ಲಿ ಒರಸಾಕತ್ತೀಯೋ!"